ಓದು ಮತ್ತು ಬದುಕು: ಕಾದಂಬರಿಗಳಿಂದ ಕಲಿಯುವುದೆಂದರೆ ಏನು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಶ್ರೇಷ್ಠ ಕಾದಂಬರಿಗಳ ಓದಿಗೂ ನಮ್ಮ ದಿನನಿತ್ಯದ ಬದುಕಿಗೂ ಇರುವ ನಂಟಿನ ಬಗ್ಗೆಯೇ ಇದ್ದುದರಿಂದ, ಅವುಗಳಲ್ಲಿ ಆರನ್ನು ಆರಿಸಿಕೊಂಡು ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೂರು ವರ್ಷಗಳಿಂದ ಜಗತ್ತಿನ ಹೆಸರಾಂತ ಕಾದಂಬರಿಗಳನ್ನು ಓದುತ್ತಿದ್ದೇನೆ. ಒಂದೊಂದನ್ನು ಮುಗಿಸಿದಾಗಲೂ ಅದರಿಂದ ಕಲಿತ ಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈಗ ಅದನ್ನು ತಿರುವಿ ನೋಡಿದರೆ ‘ಅಹಂಕಾರ ಒಳ್ಳೆಯದಲ್ಲ’, ‘ಹಣವೇ ಎಲ್ಲವೂ ಅಲ್ಲ’ ಎಂಬಂಥ, ಚಿಕ್ಕಂದಿನಿಂದ ಕೇಳುತ್ತ ಬಂದ ಮಾತುಗಳೇ ಕಾಣುತ್ತವೆ. ಇಷ್ಟನ್ನು ತಿಳಿಯಲು ಐನೂರು ಪುಟ ಓದಬೇಕಿತ್ತೇ? (ಪದವಿ ವಿದ್ಯಾರ್ಥಿನಿ)

ನಿಮ್ಮ ನೋಟ್‌ಬುಕ್ಕಿನ ಬಗ್ಗೆ ನಿಮಗೇ ಬಂದಿರುವ ಅನುಮಾನ ಸರಿಯಾಗಿದೆ. ಕಬ್ಬಿನಿಂದ ರಸ ತೆಗೆಯುವ ಹಾಗೆ ಕಾದಂಬರಿಯನ್ನು ಹಿಂಡಿ ನೀತಿ ತೆಗೆಯಹೊರಟರೆ, ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತೇ. ಅಹಂಕಾರ ಒಳ್ಳೆಯದಲ್ಲವೆಂಬುದು ಅಹಂಕಾರಿಗೂ ಗೊತ್ತಿರುತ್ತದೆ. ಆ ಮಾತು ತನಗೂ ಸಲ್ಲುತ್ತದೆ ಎಂಬುದೊಂದು ಅವನಿಗೆ ಹೊಳೆದಿರುವುದಿಲ್ಲ. ಅದು ಹೊಳೆಯುವಂತೆ ಮಾಡುವುದು ಉಪದೇಶದಿಂದ ಆಗದ ಕೆಲಸ. ಕಾದಂಬರಿ ಅದನ್ನು ಹೇಗೆ ಮಾಡುತ್ತದೆಂಬುದನ್ನು ಒಂದು ಪ್ರಸಂಗದ ಮೂಲಕವೇ ನೋಡೋಣ.

ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರಲ್ಲಿ ಪ್ರಕಟವಾಯಿತು, ದೇ. ಜವರೇಗೌಡರು ಅದನ್ನು ‘ಹಮ್ಮು ಬಿಮ್ಮು’ ಎಂಬ ಸೊಗಸಾದ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅದರ ನಾಯಕಿ ಎಲಿಜಬೆತ್ ಬುದ್ಧಿವಂತೆ, ಮಾತಿನಲ್ಲಿ ಚುರುಕು, ಜನರನ್ನು ಅಳೆಯುವುದರಲ್ಲಿ ತಾನು ಗಟ್ಟಿಗಳೆಂದು ನಂಬಿದವಳು. ಡಾರ್ಸಿ ಗರ್ವಿಷ್ಠನೆಂದೂ, ವಿಕಮ್ ಎಂಬ ಚೆಲುವ ಸೈನ್ಯಾಧಿಕಾರಿ ಡಾರ್ಸಿಯಿಂದ ಅನ್ಯಾಯಕ್ಕೊಳಗಾದ ಸಜ್ಜನನೆಂದೂ ಅವಳು ತೀರ್ಮಾನಿಸಿಬಿಟ್ಟಿರುತ್ತಾಳೆ. ಅವಳನ್ನು ಮದುವೆಯಾಗುವ ಆಸೆ ಹೇಳಿಕೊಂಡು ತಿರಸ್ಕಾರ ಉಂಡ ಡಾರ್ಸಿ, ಮರುದಿನ ಬೆಳಿಗ್ಗೆ ಒಂದು ದೀರ್ಘ ಪತ್ರವನ್ನು ಅವಳ ಕೈಗೆ ಕೊಟ್ಟು ಹೊರಟುಹೋಗುತ್ತಾನೆ. ಅವಳು ಅದನ್ನು ಸಿಟ್ಟಿನಿಂದಲೇ, ಇದು ಸುಳ್ಳೆಂದು ಮೊದಲೇ ನಿಶ್ಚಯಿಸಿಕೊಂಡು ಓದುತ್ತಾಳೆ. ಇನ್ನೊಮ್ಮೆ ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಮಡಿಸಿಡುತ್ತಾಳೆ. ಅರ್ಧ ನಿಮಿಷವೂ ಕಳೆದಿರುವುದಿಲ್ಲ, ಪತ್ರ ಮತ್ತೆ ಬಿಚ್ಚಿರುತ್ತದೆ. ಈ ಸಲ ವಿಕಮ್‌ಗೆ ಸಂಬಂಧಿಸಿದ ಒಂದೊಂದೇ ವಾಕ್ಯವನ್ನು ತಡೆದು ನಿಲ್ಲಿಸಿ ಓದುವಾಗ, ತಾನು ಕಣ್ಣಾರೆ ಕಂಡಿದ್ದೂ ಗಮನಿಸದೆ ಬಿಟ್ಟ ಸಂಗತಿಗಳು ಅವಳ ನೆನಪಿಗೆ ಬರತೊಡಗುತ್ತವೆ. ಆಗತಾನೇ ಪರಿಚಯವಾದ ತನ್ನೆದುರು ಅವನು ತನ್ನ ಅಂತರಂಗದ ಕಥೆಯನ್ನೆಲ್ಲ ಏಕೆ ತೋಡಿಕೊಂಡ? ಡಾರ್ಸಿಗೆ ತಾನು ಹೆದರುವುದಿಲ್ಲವೆಂದು ಕೊಚ್ಚಿಕೊಂಡವನು, ಡಾರ್ಸಿ ಇರುತ್ತಾನೆಂದು ಗೊತ್ತಿದ್ದ ನೃತ್ಯಕೂಟಕ್ಕೆ ಮರುವಾರವೇ ಏಕೆ ಬಾರದೆ ಉಳಿದ?

ಈಗ ನೀವು ಪುಸ್ತಕದ 16ನೆಯ ಅಧ್ಯಾಯಕ್ಕೆ ಹಿಂತಿರುಗಿ. ವಿಕಮ್ ಆಡಿದ ಮಾತುಗಳೆಲ್ಲ ಅಲ್ಲಿ ಬಯಲಲ್ಲೇ ಇವೆ. ಲೇಖಕಿ ಯಾವುದನ್ನೂ ಬಚ್ಚಿಟ್ಟಿಲ್ಲ. ಆ ಪುಟಗಳನ್ನು ಮೊದಲ ಸಲ ಓದಿದಾಗ ಎಲಿಜಬೆತ್ ನಂಬಿದಂತೆಯೇ ನೀವೂ ನಂಬಿದಿರಿ, ನಾನೂ ನಂಬಿದೆ. ಅವನ ನಗುಮುಖ ನಮಗೆ ಹಿಡಿಸಿತ್ತು, ಡಾರ್ಸಿಯ ಬಿಗುಮಾನ ಹಿಡಿಸಿರಲಿಲ್ಲ. ಸಾಕ್ಷ್ಯವನ್ನು ತೂಗಿ ನೋಡುವ ಗೋಜಿಗೆ ನಾವು ಹೋಗಲೇ ಇಲ್ಲ. ಈ ಕಾದಂಬರಿಗೆ 1796–97ರ ಮೊದಲ ಕರಡಿನಲ್ಲಿ ‘ಫಸ್ಟ್ ಇಂಪ್ರೆಷನ್ಸ್’ ಎಂಬ ಹೆಸರಿತ್ತು. ಮೊದಲ ನೋಟಕ್ಕೆ ಮೂಡಿದ ಅಭಿಪ್ರಾಯವನ್ನು ನಾವು ಎಷ್ಟು ಬೇಗ ತೀರ್ಪಾಗಿ ಬದಲಿಸಿಕೊಳ್ಳುತ್ತೇವೆ ಎಂಬುದನ್ನು ಆ ಲೇಖಕಿ ನಮ್ಮಿಂದಲೇ ಮಾಡಿಸಿ ನಮಗೇ ತೋರಿಸುತ್ತಾರೆ. ಹೀಗೆ ಸಿಕ್ಕಿಬಿದ್ದ ಅನುಭವಕ್ಕೆ ಐನೂರು ಪುಟಗಳ ಅಗತ್ಯವಿದೆ, ಏಕೆಂದರೆ ಒಬ್ಬರ ಮೇಲೆ ನಂಬಿಕೆ ಬೆಳೆಯಲೂ ಆ ನಂಬಿಕೆ ಕುಸಿಯಲೂ ಕಾಲ ಹಿಡಿಯುತ್ತದೆ.

ನೋಟ್‌ಬುಕ್ಕನ್ನು ಬಿಡಬೇಡಿ. ಪಾಠದ ಬದಲು ಅದರಲ್ಲಿ ಬೇರೆ ಮೂರು ಸಂಗತಿಗಳನ್ನು ಬರೆಯಿರಿ: ಯಾರ ವಿಷಯದಲ್ಲಿ ನಾನು ತಪ್ಪು ತಿಳಿದೆ, ಯಾವ ಪುಟದವರೆಗೆ ಹಾಗೇ ತಿಳಿದಿದ್ದೆ, ಕೊನೆಗೆ ನನ್ನ ಮನಸ್ಸನ್ನು ಬದಲಿಸಿದ್ದು ಯಾವುದು. ಒಂದು ವರ್ಷದ ಮೇಲೆ ಆ ನೋಟ್‌ಬುಕ್ಕಿನಲ್ಲಿ ನಿಮ್ಮದೇ ಸ್ವಭಾವದ ಗುರುತುಗಳು ಕಾಣತೊಡಗುತ್ತವೆ. ಎಂಥವರನ್ನು ನೀವು ಸುಲಭವಾಗಿ ನಂಬುತ್ತೀರಿ, ಎಂಥವರ ಮಾತಿಗೆ ನಿಮ್ಮ ಕಿವಿ ಮುಚ್ಚಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಪ್ರಶ್ನೆ: ನನ್ನ ತಂದೆ ಮರಗೆಲಸ ಮಾಡಿ ನನ್ನನ್ನು ಓದಿಸಿದವರು. ನಾನೀಗ ದೊಡ್ಡ ಕಂಪನಿಯಲ್ಲಿದ್ದೇನೆ. ಈಚೆಗೆ ಅವರು ನನ್ನ ಮನೆಗೆ ಬಂದಿದ್ದಾಗ ಸಹೋದ್ಯೋಗಿಗಳೂ ಬಂದರು. ತಂದೆಯವರು ಕೂತ ರೀತಿ, ಆಡಿದ ಮಾತು ಕಂಡು ನನಗೆ ನಾಚಿಕೆಯಾಯಿತು. ನಾನು ಏನನ್ನೂ ಹೇಳಲಿಲ್ಲ, ಆದರೆ ಅವರಿಗೆ ತಿಳಿಯಿತು. ವಾರ ಇರಲು ಬಂದವರು ಮರುದಿನವೇ ಹೊರಟುಹೋದರು. ಇಂಥದ್ದರ ಬಗ್ಗೆ ಯಾವುದಾದರೂ ಕಾದಂಬರಿ ಇದೆಯೇ? (ಓದುಗ)

ಇದೆ. ನಿಮ್ಮ ಪತ್ರ ಓದುತ್ತಿದ್ದಂತೆಯೇ ನನಗೆ ಚಾರ್ಲ್ಸ್ ಡಿಕನ್ಸ್ ಅವರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ 27ನೆಯ ಅಧ್ಯಾಯ ನೆನಪಾಯಿತು. ತಂದೆ ತಾಯಿ ಇಲ್ಲದ ಪಿಪ್ ಅಕ್ಕನ ಮನೆಯಲ್ಲಿ ಬೆಳೆದವನು. ಅಕ್ಕನ ಗಂಡ ಜೋ ಹಳ್ಳಿಯ ಕಮ್ಮಾರ, ಪಿಪ್‌ಗೆ ಆ ಮನೆಯಲ್ಲಿದ್ದ ಏಕೈಕ ಆಸರೆ. ಅಜ್ಞಾತ ವ್ಯಕ್ತಿಯೊಬ್ಬರ ಹಣದ ಬಲದಿಂದ ಪಿಪ್ ಲಂಡನ್ ಸೇರಿ ದೊಡ್ಡ ಮನುಷ್ಯನಾಗುವ ತಯಾರಿಯಲ್ಲಿದ್ದಾಗ, ಜೋ ನೋಡಲು ಬರುತ್ತಾನೆಂಬ ಪತ್ರ ತಲುಪುತ್ತದೆ. ಹಣ ಕೊಟ್ಟು ಅವನನ್ನು ದೂರ ಇಡಲು ಸಾಧ್ಯವಿದ್ದರೆ ಖಂಡಿತ ಕೊಡುತ್ತಿದ್ದೆ ಎಂದು ಪಿಪ್ ತಾನೇ ಒಪ್ಪಿಕೊಳ್ಳುತ್ತಾನೆ.

ಜೋ ಬರುತ್ತಾನೆ. ಕಾಲೊರಸಿನ ಮೇಲೆ ಬಹಳ ಹೊತ್ತು ಕಾಲು ಒರೆಸುತ್ತಾನೆ. ಮೊಟ್ಟೆಗಳಿರುವ ಹಕ್ಕಿಗೂಡನ್ನು ಹಿಡಿದಂತೆ ಎರಡೂ ಕೈಗಳಲ್ಲಿ ಜೋಪಾನವಾಗಿ ಹಿಡಿದ ಟೋಪಿಯನ್ನು ಯಾರಿಗೂ ಕೊಡಲೊಪ್ಪದೆ, ಕೊನೆಗೆ ಬೆಂಕಿಗೂಡಿನ ಮೇಲಿನ ಹಲಗೆಯ ಅಂಚಿನಲ್ಲಿಡುತ್ತಾನೆ. ಅದು ಬೀಳುತ್ತದೆ, ಹಾರಿ ಹಿಡಿಯುತ್ತಾನೆ, ಮತ್ತೆ ಇಡುತ್ತಾನೆ, ಮತ್ತೆ ಬೀಳುತ್ತದೆ. ತಾನು ಎತ್ತಿ ಆಡಿಸಿದ ಹುಡುಗನನ್ನು ಒಮ್ಮೆ ‘ಪಿಪ್’ ಎಂದೂ ಇನ್ನೊಮ್ಮೆ ‘ಸರ್’ ಎಂದೂ ಕರೆಯುತ್ತಾನೆ. ಪಿಪ್ ಸಿಡಿಮಿಡಿಗೊಳ್ಳುತ್ತಾನೆ. ತಾನು ಸಲೀಸಾಗಿ ಇದ್ದಿದ್ದರೆ ಜೋ ಕೂಡ ಸಲೀಸಾಗಿ ಇರುತ್ತಿದ್ದನೆಂದು ಅವನಿಗೆ ಹೊಳೆಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಹೊರಡುವ ಮುನ್ನ ಜೋ ಎದ್ದು ನಿಂತು, ಈ ಉಡುಪಿನಲ್ಲಿ, ಈ ಜಾಗದಲ್ಲಿ ತಾನು ಸರಿಹೊಂದುವುದಿಲ್ಲವೆಂದೂ, ಸುತ್ತಿಗೆ ಹಿಡಿದು ಕುಲುಮೆಯ ಮುಂದೆ ನಿಂತಾಗ ನೋಡಿದರೆ ತನ್ನಲ್ಲಿ ಇಷ್ಟೊಂದು ಕುಂದು ಕಾಣಲಾರದೆಂದೂ ಹೇಳಿ, ಪಿಪ್‌ನ ಹಣೆಯನ್ನು ಮೆಲ್ಲಗೆ ಮುಟ್ಟಿ ಹೊರಟುಹೋಗುತ್ತಾನೆ. ಪಿಪ್ ಸಾವರಿಸಿಕೊಂಡು ಹೊರಗೆ ಓಡಿ ಅಕ್ಕಪಕ್ಕದ ಬೀದಿಗಳಲ್ಲಿ ಹುಡುಕಿದಾಗ ಜೋ ಎಲ್ಲಿಯೂ ಇರುವುದಿಲ್ಲ.

ಇಷ್ಟರಲ್ಲಿ ಕಥೆ ಮುಗಿದಿದ್ದರೆ ಅದು ಕಣ್ಣೀರು ತರಿಸುವ ದೃಶ್ಯವಾಗಿ ಮಾತ್ರ ಉಳಿಯುತ್ತಿತ್ತು. ಡಿಕನ್ಸ್ ಮರು ಅಧ್ಯಾಯದಲ್ಲಿ ಬರೆದದ್ದನ್ನು ನೀವು ಮುಖ್ಯವಾಗಿ ಓದಬೇಕೆಂಬುದು ನನ್ನ ಆಸೆ. ಪಶ್ಚಾತ್ತಾಪದಿಂದ ಬೆಂದ ಪಿಪ್ ಮಾರನೆಯ ದಿನವೇ ಊರಿಗೆ ಹೋಗಿ ಜೋನ ಮನೆಯಲ್ಲಿ ಉಳಿಯಬೇಕೆಂದು ಮೊದಲು ನಿಶ್ಚಯಿಸುತ್ತಾನೆ. ಗಾಡಿಯಲ್ಲಿ ಜಾಗ ಕಾಯ್ದಿರಿಸುವಷ್ಟರಲ್ಲಿ ನೆಪಗಳು ಹುಟ್ಟಿಕೊಳ್ಳುತ್ತವೆ: ಹೇಳದೆ ಕೇಳದೆ ಹೋದರೆ ಅವರಿಗೆ ತೊಂದರೆಯಾಗಬಹುದು, ಹಾಸಿಗೆ ಸಿದ್ಧವಿರಲಾರದು. ಕೊನೆಗೆ ಅವನು ಉಳಿಯುವುದು ಊರಿನ ಛತ್ರದಲ್ಲಿ. ತನಗೆ ತಾನೇ ಖೋಟಾ ನಾಣ್ಯ ಚಲಾಯಿಸಿಕೊಳ್ಳುವ ಈ ಮೋಸಕ್ಕೆ ಲೋಕದ ಬೇರಾವ ಮೋಸವೂ ಸಾಟಿಯಲ್ಲವೆಂದು, ವಯಸ್ಸಾದ ಮೇಲೆ ತನ್ನ ಕಥೆ ಹೇಳುತ್ತಿರುವ ಪಿಪ್ ನೇರವಾಗಿ ನುಡಿಯುತ್ತಾನೆ.

ನಿಮಗೆ ಈಗ ಎದುರಾಗಿರುವುದು ಈ 28ನೆಯ ಅಧ್ಯಾಯ. ನಾಚಿಕೆಯಾದದ್ದು ಒಂದು ಗಳಿಗೆಯ ದೌರ್ಬಲ್ಯ, ಅದು ಯಾರಿಗೂ ಬರಬಹುದು. ಆದರೆ ‘ಕೆಲಸದ ಒತ್ತಡ ಮುಗಿಯಲಿ’, ‘ಅವರೇ ಫೋನ್ ಮಾಡಲಿ’ ಎಂದು ಒಂದರ ಮೇಲೊಂದು ನೆಪ ಪೇರಿಸುವುದು ದಿನದಿನವೂ ನಾವು ಹೊಸದಾಗಿ ಮಾಡುವ ಆಯ್ಕೆ. ಪಿಪ್‌ಗೆ ಜೋ ಮತ್ತೆ ಸಿಗುತ್ತಾನೆ. ಸಾಲದಲ್ಲಿ ಮುಳುಗಿ ಕಾಯಿಲೆ ಬಿದ್ದಾಗ ಅವನೇ ಬಂದು ಶುಶ್ರೂಷೆ ಮಾಡುತ್ತಾನೆ; ಪಿಪ್ ಚೇತರಿಸಿಕೊಂಡಂತೆಲ್ಲ ಜೋನ ಬಾಯಿಗೆ ಮತ್ತೆ ‘ಸರ್’ ಬರತೊಡಗುತ್ತದೆ; ಒಂದು ಬೆಳಿಗ್ಗೆ ಸಾಲ ತೀರಿಸಿದ ರಸೀದಿಯನ್ನು ಬಿಟ್ಟು ಹೊರಟುಹೋಗಿರುತ್ತಾನೆ. ಆ ‘ಸರ್’ ಎಂಬ ಒಂದು ಶಬ್ದಕ್ಕೆ ತಾನೇ ಕಾರಣನೆಂದು ಪಿಪ್ ಅರಿಯುವ ಪುಟಗಳನ್ನು ಓದಿ, ನಂತರ ನಿಮ್ಮ ತಂದೆಯವರಲ್ಲಿಗೆ ಹೋಗಿ. ಅವರು ಕೆಲಸ ಮಾಡುವ ಜಾಗದಲ್ಲೇ, ಉಳಿ ಹಿಡಿದಿರುವಾಗಲೇ ಅವರನ್ನು ಕಾಣಿ. ದೊಡ್ಡ ಮಾತುಗಳ ಅಗತ್ಯ ಬೀಳಲಾರದು. ಆದರೆ ಅವರ ಮನೆಯಲ್ಲೇ ಮಲಗಿ, ಹೋಟೆಲಿನಲ್ಲಿ ಉಳಿಯಬೇಡಿ.

ಪ್ರಶ್ನೆ: ಹದಿನೈದು ನಿಮಿಷದ ವಿಡಿಯೋದಲ್ಲಿ ಕಾದಂಬರಿಯ ಕಥೆಯನ್ನೂ ಸಂದೇಶವನ್ನೂ ಹೇಳಿಬಿಡುತ್ತಾರೆ. ಸಮಯವಿಲ್ಲದವರಿಗೆ ಅಷ್ಟು ಸಾಲದೇ? (ಉದ್ಯೋಗಸ್ಥ ಓದುಗ)

ಕಥೆ ತಿಳಿಯಲು ಸಾಕು. ಮೇಲೆ ಹೇಳಿದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ವಾರಪತ್ರಿಕೆಯಲ್ಲಿ 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂದದ್ದು. ಅಂದಿನ ಓದುಗರು ಎಂಟು ತಿಂಗಳು ಪಿಪ್‌ನ ಜೊತೆ ಬಾಳಿದರು, ಅವನ ದುಡ್ಡು ಯಾರದೆಂದು ವಾರವಾರವೂ ಊಹಿಸಿದರು, ಅವನೊಂದಿಗೇ ಮೋಸ ಹೋದರು. ವಿಡಿಯೋದಲ್ಲಿ ಆ ಗುಟ್ಟು ಹತ್ತನೆಯ ನಿಮಿಷಕ್ಕೆ ಗೊತ್ತಾಗುತ್ತದೆ, ಆದರೆ ಗೊತ್ತಿಲ್ಲದೆ ಕಳೆದ ದಿನಗಳು ನಿಮ್ಮ ಪಾಲಿಗೆ ಇರುವುದಿಲ್ಲ. ದಿನಕ್ಕೆ ಹತ್ತು ಪುಟ ಓದಿ. ಅವಸರವಿಲ್ಲ.

ಪ್ರಶ್ನೆ: ಹದಿನಾರು ವರ್ಷದ ಮಗಳು ‘ಮದಾಂ ಬೋವರಿ’ ಓದುತ್ತಿದ್ದಾಳೆ. ಗಂಡನಿಗೆ ಮೋಸ ಮಾಡಿ, ಸಾಲ ಮಾಡಿ, ವಿಷ ಕುಡಿಯುವ ಹೆಣ್ಣಿನ ಕಥೆಯಿಂದ ಅವಳು ಏನು ಕಲಿಯಬಹುದು? ತಡೆಯಬೇಕೇ? (ತಾಯಿ)

ನಿಮ್ಮ ಕಳವಳವನ್ನು ನಾನು ಗೌರವಿಸುತ್ತೇನೆ. ಇದೇ ಕಳವಳವನ್ನು ಫ್ರಾನ್ಸಿನ ಸರ್ಕಾರ 1857ರಲ್ಲಿ ನ್ಯಾಯಾಲಯಕ್ಕೇ ಒಯ್ದಿತ್ತು. ಕಾದಂಬರಿ ಪತ್ರಿಕೆಯಲ್ಲಿ ಬಂದ ಕೂಡಲೇ ಸಾರ್ವಜನಿಕ ನೀತಿಗೂ ಧರ್ಮಕ್ಕೂ ಧಕ್ಕೆ ತಂದ ಆರೋಪದ ಮೇಲೆ ಲೇಖಕ ಗುಸ್ತಾವ್ ಫ್ಲೊಬೇರ್ ವಿಚಾರಣೆ ಎದುರಿಸಬೇಕಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅವರು ಖುಲಾಸೆಯಾದರು.

ಆ ಕಾದಂಬರಿಯನ್ನು ನೀವೂ ಓದಿದರೆ, ಅದರ ಬೇರು ಒಂದು ಓದಿನ ಕಥೆಯಲ್ಲೇ ಇರುವುದು ಕಾಣುತ್ತದೆ. ಕಥಾನಾಯಕಿ ಎಮ್ಮಾ ಹುಡುಗಿಯಾಗಿ ಮಠದ ಶಾಲೆಯಲ್ಲಿದ್ದಾಗ, ತಿಂಗಳಿಗೊಮ್ಮೆ ಒಂದು ವಾರ ಬಟ್ಟೆ ಹೊಲಿಯಲು ಬರುತ್ತಿದ್ದ ಮುದುಕಿಯೊಬ್ಬಳು ತನ್ನ ಮೇಲುಡುಪಿನ ಜೇಬಿನಲ್ಲಿ ಪ್ರಣಯಕಥೆಗಳ ಪುಸ್ತಕಗಳನ್ನು ತಂದು ದೊಡ್ಡ ಹುಡುಗಿಯರಿಗೆ ಗುಟ್ಟಾಗಿ ಕೊಡುತ್ತಿದ್ದಳು. ಬೆಳದಿಂಗಳು, ದೋಣಿ, ಮೂರ್ಛೆ, ಕಣ್ಣೀರು ತುಂಬಿದ ಆ ಪುಸ್ತಕಗಳು ಬದುಕು ಹೀಗಿರಬೇಕೆಂಬ ಒಂದು ಚಿತ್ರವನ್ನು ಅವಳಲ್ಲಿ ಕೂರಿಸಿದವು. ಮುಂದೆ ಕಂಡ ಪ್ರತಿಯೊಂದು ದಿನವನ್ನೂ ಅವಳು ಆ ಚಿತ್ರದ ಪಕ್ಕದಲ್ಲಿಟ್ಟು ಅಳೆದು ಬೇಸರಗೊಂಡಳು. 1605ರಲ್ಲಿ ಸರ್ವಾಂಟಿಸ್ ಬರೆದ ‘ಡಾನ್ ಕಿಹೋಟೆ’ಯ ನಾಯಕನೂ ವೀರಕಥೆಗಳನ್ನು ಹಗಲಿರುಳು ಓದಿ ತಾನೇ ವೀರನೆಂದು ಹೊರಟವನು. ಓದು ದಾರಿ ತಪ್ಪಿಸಬಲ್ಲದೆಂಬ ನಿಮ್ಮ ಭಯವನ್ನು ಹೀಗೆ ದೊಡ್ಡ ಕಾದಂಬರಿಕಾರರು ನಮಗಿಂತ ಮೊದಲೇ ಪಟ್ಟಿದ್ದಾರೆ, ಅದನ್ನೇ ವಸ್ತುವನ್ನಾಗಿ ಮಾಡಿಕೊಂಡಿದ್ದಾರೆ.

ಆದ್ದರಿಂದ ತಡೆಯಬೇಡಿ, ಜೊತೆಗೆ ಓದಿ. ‘ಎಮ್ಮಾ ಮಾಡಿದ್ದು ಸರಿಯೇ?’ ಎಂದು ಮಗಳನ್ನು ಕೇಳಿದರೆ ನಿಮಗೆ ಇಷ್ಟವಾಗುವ ಉತ್ತರವನ್ನೇ ಅವಳು ಕೊಡುತ್ತಾಳೆ. ‘ಎಮ್ಮಾಳಿಗೆ ನಿಜವಾಗಿ ಬೇಕಾಗಿದ್ದದ್ದು ಏನು? ಅದು ಬೇಕೆಂದು ಅವಳಿಗೆ ಯಾರು ಕಲಿಸಿದರು?’ ಎಂದು ಕೇಳಿ. ಪರದೆಯ ಮೇಲೆ ಮಿನುಗುವ ಬೇರೆಯವರ ಬದುಕಿನ ಚಿತ್ರಗಳನ್ನು ದಿನವೂ ನೋಡುವ ಹದಿನಾರರ ಹುಡುಗಿಗೆ ಈ ಪ್ರಶ್ನೆ ಹಳೆಯದೆನ್ನಿಸುವುದಿಲ್ಲ.

ಪ್ರಶ್ನೆ: ನನಗೀಗ ಎಪ್ಪತ್ತೊಂದು. ಇಪ್ಪತ್ತರಲ್ಲಿ ‘ಅನ್ನಾ ಕರೆನಿನಾ’ ಓದಿದಾಗ ಅನ್ನಾಳ ಪರವಾಗಿದ್ದೆ, ಅವಳ ಗಂಡನನ್ನು ಕಂಡರೆ ಆಗುತ್ತಿರಲಿಲ್ಲ. ಈಗ ಓದಿದರೆ ಆ ಗಂಡನ ಮೇಲೆಯೇ ಮರುಕ ಹುಟ್ಟುತ್ತದೆ. ಅಂದು ಓದಿದ್ದು ತಪ್ಪೇ, ಇಂದಿನದು ತಪ್ಪೇ? (ನಿವೃತ್ತ ಶಿಕ್ಷಕಿ)

ಎರಡೂ ಓದುಗಳಿಗೆ ಆ ಪುಸ್ತಕದಲ್ಲಿ ಆಧಾರವಿದೆ, ಅಮ್ಮಾ. ಮಾಸ್ಕೋದಿಂದ ಮರಳಿದ ಅನ್ನಾ ರೈಲು ನಿಲ್ದಾಣದಲ್ಲಿ ಗಂಡನನ್ನು ಕಂಡಾಗ ಅವಳ ಕಣ್ಣು ಮೊದಲು ಹೋಗುವುದು ಅವನ ಕಿವಿಗಳ ಮೇಲೆ. ಇವು ಯಾವಾಗ ಹೀಗಾದವು ಎಂದು ಅವಳಿಗೆ ಆಶ್ಚರ್ಯವಾಗುತ್ತದೆ. ವರ್ಷಗಟ್ಟಲೆ ಕಂಡ ಕಿವಿಗಳು ಅಂದು ಏಕಾಏಕಿ ಅಸಹನೀಯವಾಗುವುದರಲ್ಲೇ ಅವಳ ಮನಸ್ಸು ಎತ್ತ ತಿರುಗಿದೆಯೆಂಬುದನ್ನು ಟಾಲ್‌ಸ್ಟಾಯ್ ಹೇಳಿಬಿಡುತ್ತಾರೆ. ಇಪ್ಪತ್ತರಲ್ಲಿ ನಾವು ಅನ್ನಾಳ ಕಣ್ಣಿನಿಂದ ಆ ಕಿವಿಗಳನ್ನು ನೋಡುತ್ತೇವೆ. ಆದರೆ ಅದೇ ಕಿವಿಗಳ ಅದೇ ಮನುಷ್ಯ, ಪ್ರಿಯಕರನ ಮಗುವನ್ನು ಹೆತ್ತು ಸಾವಿನ ಅಂಚಿನಲ್ಲಿರುವ ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಅತ್ತು ಕ್ಷಮಿಸುತ್ತಾನೆ. ತನ್ನದಲ್ಲದ ಆ ಹಸುಗೂಸಿನ ಬಳಿ ದಿನಕ್ಕೆ ಹಲವು ಸಲ ಹೋಗಿ ಕುಳಿತು ಅದರ ಮುಖ ನೋಡುತ್ತಾನೆ. ಆ ಪುಟಗಳು ನಿಮ್ಮ ಇಪ್ಪತ್ತರ ಪ್ರತಿಯಲ್ಲೂ ಇದ್ದವು, ಆದರೆ ಅವು ಕಾಣಲು ನೀವು ಐವತ್ತು ವರ್ಷ ಬದುಕಬೇಕಿತ್ತು.

ಜಾರ್ಜ್ ಎಲಿಯಟ್ ಎಂಬ ಗಂಡುಹೆಸರಿನಲ್ಲಿ ಬರೆದ ಲೇಖಕಿ ತಮ್ಮ ‘ಮಿಡಲ್‌ಮಾರ್ಚ್’ (1871–72) ಕಾದಂಬರಿಯಲ್ಲಿ ಇದನ್ನು ಓದುಗರಿಗೆ ನೇರವಾಗಿಯೇ ಹೇಳುತ್ತಾರೆ. ಆದರ್ಶಗಳ ತರುಣಿ ಡೊರೊಥಿಯಾ, ತನಗಿಂತ ಬಹಳ ಹಿರಿಯನಾದ ಒಣ ವಿದ್ವಾಂಸ ಕಸೋಬನ್‌ನನ್ನು ಮದುವೆಯಾಗಿ ಕೊರಗುತ್ತಿರುತ್ತಾಳೆ. ನಮ್ಮೆಲ್ಲರ ಕನಿಕರ ಅವಳ ಕಡೆಗೇ. 29ನೆಯ ಅಧ್ಯಾಯ ‘ಒಂದು ಬೆಳಿಗ್ಗೆ ಡೊರೊಥಿಯಾ’ ಎಂದು ಆರಂಭವಾಗಿ ಅಲ್ಲಿಯೇ ತಡೆಯುತ್ತದೆ: ಯಾವಾಗಲೂ ಡೊರೊಥಿಯಾಳೇ ಏಕೆ, ಈ ಮದುವೆಯಲ್ಲಿ ಅವಳ ದೃಷ್ಟಿಯೊಂದೇ ಇತ್ತೇ ಎಂದು ಲೇಖಕಿ ಕೇಳುತ್ತಾರೆ. ಅಲ್ಲಿಂದ ಮುಂದೆ ನಾವು, ಮಿಟುಕುವ ಕಣ್ಣಿನ, ಮುಗಿಸಲಾಗದ ಗ್ರಂಥದ ಹೊರೆ ಹೊತ್ತ ಆ ಮುದಿಯನ ಒಳಗಿನ ಅಂಜಿಕೆಯನ್ನು ಕಾಣಬೇಕಾಗುತ್ತದೆ. ನಾನು ಓದಿದ ಕಾದಂಬರಿಗಳಲ್ಲೆಲ್ಲ ಇಷ್ಟು ಧೈರ್ಯದ ಇನ್ನೊಂದು ವಾಕ್ಯಭಂಗ ನನಗೆ ಸಿಕ್ಕಿಲ್ಲ. ಕುವೆಂಪು ಅವರು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಬಾಗಿಲಲ್ಲೇ, ಇಲ್ಲಿ ಮುಖ್ಯರೂ ಇಲ್ಲ ಅಮುಖ್ಯರೂ ಇಲ್ಲವೆಂದು ನಮಗೆ ಹೇಳಿ ಒಳಗೆ ಬಿಡುವುದು ಇದೇ ಎಚ್ಚರದಿಂದ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ಗಂಡನ ಮೇಲೆ ಮರುಕ ಹುಟ್ಟಿತೆಂದು ಅನ್ನಾಳನ್ನು ಕೈಬಿಡಬೇಡಿ. ಮಗನ ಹುಟ್ಟುಹಬ್ಬದ ದಿನ ಬೆಳಿಗ್ಗೆ ಗಂಡನ ಮನೆಗೆ ಕದ್ದು ಬಂದು, ಮಲಗಿದ್ದ ಮಗನನ್ನು ಎಬ್ಬಿಸಿ ಮುದ್ದಿಸಿ, ಅವನಿಗೆಂದು ಆರಿಸಿ ತಂದಿದ್ದ ಆಟಿಕೆಗಳನ್ನು ಕೊಡಲೂ ಮರೆತು ಹಾಗೆಯೇ ಹಿಂದಕ್ಕೆ ಒಯ್ಯುವ ಪ್ರಸಂಗವನ್ನು ಮೂರನೆಯ ಸಲ ಓದಿ.

ಪ್ರಶ್ನೆ: ಇದುವರೆಗೆ ಒಂದೂ ಕ್ಲಾಸಿಕ್ ಕಾದಂಬರಿ ಓದಿಲ್ಲ. ದಪ್ಪ ಪುಸ್ತಕ ಕಂಡರೆ ಹಿಂಜರಿಕೆ. ಎಲ್ಲಿಂದ ಆರಂಭಿಸಲಿ? (ಓದುಗ)

ಟಾಲ್‌ಸ್ಟಾಯ್ ಅವರೇ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚ್‌ನ ಸಾವು’ ಎಂಬ ಕಿರುಕಾದಂಬರಿಯಿಂದ ಆರಂಭಿಸಿ. ಹನ್ನೆರಡು ಸಣ್ಣ ಅಧ್ಯಾಯಗಳು, ಒಂದು ರಜಾದಿನದಲ್ಲಿ ಮುಗಿಯುತ್ತದೆ. ನ್ಯಾಯಾಲಯದ ಬಿಡುವಿನ ವೇಳೆಯಲ್ಲಿ ಸಹೋದ್ಯೋಗಿಯೊಬ್ಬ ಪತ್ರಿಕೆ ನೋಡುತ್ತ ನ್ಯಾಯಾಧೀಶ ಇವಾನ್ ಇಲಿಚ್ ತೀರಿಕೊಂಡನೆಂದು ಹೇಳುವುದರೊಂದಿಗೆ ಕಥೆ ತೊಡಗುತ್ತದೆ. ಕೇಳಿದವರಿಗೆ ಮೊದಲು ಹೊಳೆಯುವುದು ಇದರಿಂದ ಯಾರಿಗೆ ಬಡ್ತಿ, ಯಾರಿಗೆ ವರ್ಗಾವಣೆ ಎಂಬುದು; ಆಮೇಲೆ, ಸತ್ತದ್ದು ಅವನು, ನಾನಲ್ಲ ಎಂಬ ಒಳಗಿನ ನೆಮ್ಮದಿ. ದುಃಖ ಹೇಳಲು ಹೋದವನು ಕುಳಿತ ಪೀಠದ ಸ್ಪ್ರಿಂಗು ಕಿರುಗುಟ್ಟುತ್ತದೆ, ವಿಧವೆಯ ಕಪ್ಪು ಜಾಲರಿ ಮೇಜಿನ ಕೆತ್ತನೆಗೆ ಸಿಕ್ಕಿಕೊಳ್ಳುತ್ತದೆ, ಕಣ್ಣೀರಿನ ನಡುವೆಯೇ ಅವಳು ಸರ್ಕಾರದಿಂದ ಇನ್ನಷ್ಟು ಹಣ ಪಡೆಯುವ ದಾರಿ ಕೇಳುತ್ತಾಳೆ, ಅವನು ಇಸ್ಪೀಟಿನ ಆಟಕ್ಕೆ ತಡವಾಯಿತೆಂದು ಹೊರಡುತ್ತಾನೆ. ಎರಡನೆಯ ಅಧ್ಯಾಯದಿಂದ ಕಥೆ ಹಿಂದಕ್ಕೆ ಹೋಗಿ, ಆ ಸತ್ತ ಮನುಷ್ಯನ ಬದುಕನ್ನೂ, ಪರದೆ ಕಟ್ಟಲು ಏಣಿ ಹತ್ತಿ ಜಾರಿ ಬಿದ್ದಾಗ ಪಕ್ಕೆಗೆ ತಗುಲಿದ ಪೆಟ್ಟನ್ನೂ, ತಿಂಗಳುಗಳ ನೋವನ್ನೂ, ರಾತ್ರಿಯೆಲ್ಲ ಅವನ ಕಾಲುಗಳನ್ನು ತನ್ನ ಹೆಗಲ ಮೇಲೆ ಹೊತ್ತು ಕೂರುವ ಗೆರಾಸಿಮ್ ಎಂಬ ಆಳುಮಗನನ್ನೂ ಕಾಣಿಸುತ್ತದೆ.

ಓದುವಾಗ ಗೆರೆ ಎಳೆಯಬೇಡಿ, ಟಿಪ್ಪಣಿ ಬರೆಯಬೇಡಿ. ಕೊನೆಯ ಪುಟ ಮುಗಿದ ಕೂಡಲೇ ಪುಸ್ತಕ ಮುಚ್ಚದೆ, ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ, ನ್ಯಾಯಾಲಯದ ಆ ಕೋಣೆಯಲ್ಲಿ ಮೊದಲ ಸಲ ನೀವು ಯಾರ ಪಕ್ಕದಲ್ಲಿ ಕುಳಿತು ಆ ಸಾವಿನ ಸುದ್ದಿ ಕೇಳಿದ್ದಿರೆಂದು ನೋಡಿಕೊಳ್ಳಿ. ಆಮೇಲೆ ನನಗೆ ಬರೆಯಿರಿ, ಮುಂದಿನ ಪುಸ್ತಕವನ್ನು ಒಟ್ಟಿಗೆ ಆರಿಸೋಣ.